ಕಾರು ಒಂದೇ, ಬ್ಯಾಡ್ಜ್ ಎರಡು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನುಮ್ಮಿ ಅಂತ ಒಂದು ಕಾರ್ಖಾನೆ ಇತ್ತು. ಜನರಲ್ ಮೋಟರ್ಸ್ (ಜಿಎಂ) ಮತ್ತು ಟೊಯೋಟ ಪಾಲುದಾರಿಕೆಯಲ್ಲಿ 1984ರಲ್ಲಿ ಶುರುವಾದದ್ದು. ಅಲ್ಲಿ ಟೊಯೋಟ ಕೊರೋಲಾ ತಯಾರಾಗುತ್ತಿತ್ತು. ಅದರ ಜೊತೆಗೇ ಪ್ರಿಜ್ಮ್ ಅನ್ನುವ ಇನ್ನೊಂದು ಕಾರೂ ತಯಾರಾಗುತ್ತಿತ್ತು. ಪ್ರಿಜ್ಮ್ ಮೊದಲು ಜಿಎಂನ ಜಿಯೋ ಹೆಸರಿನಲ್ಲಿ, 1998ರಿಂದ ಜಿಎಂನದೇ ಶೆವರ್ಲೆ ಹೆಸರಿನಲ್ಲಿ ಮಾರಾಟವಾಯಿತು. ಕೆಲಸಗಾರರು ಅವರೇ, ಇಂಜಿನ್ ಟೊಯೋಟದ್ದೇ, ಗೇರ್‌ಬಾಕ್ಸೂ ಅದೇ. ಹೊರಗಿನ ತಗಡು, ದೀಪ, ಒಳಗಿನ ಅಲಂಕಾರದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ. ಆದರೂ ಕೊರೋಲಾ ಕೇಳಿದ ಬೆಲೆಗೆ ಹೋಗುತ್ತಿತ್ತು, ಪ್ರಿಜ್ಮ್ ರಿಯಾಯಿತಿ ಕೊಟ್ಟರೂ ನಿಧಾನ. ನಾಲ್ಕು ವರ್ಷ ಓಡಿಸಿ ಮಾರಲು ಹೋದರೆ ಪ್ರಿಜ್ಮ್‌ಗೆ ಸಿಗುವ ಹಣ ಕೊರೋಲಾಗಿಂತ ಎದ್ದು ಕಾಣುವಷ್ಟು ಕಡಿಮೆ.

ಅಮೆರಿಕದ ಕಾರಿನ ಬಗ್ಗೆ ಜನರಲ್ಲಿರುವ ಅಭಿಪ್ರಾಯವನ್ನು ಅಳೆಯಲು ಇದಕ್ಕಿಂತ ಶುದ್ಧವಾದ ಪ್ರಯೋಗ ಸಿಗುವುದಿಲ್ಲ. ಉಳಿದದ್ದೆಲ್ಲ ಸಮ ಇಟ್ಟು ಬ್ಯಾಡ್ಜ್ ಒಂದನ್ನೇ ಬದಲಿಸಿದ ಹಾಗೆ. ಸುಗ್ಗಿ ಕಾಲದಲ್ಲಿ ಈ ವ್ಯತ್ಯಾಸವನ್ನು ರಿಯಾಯಿತಿ ಕೊಟ್ಟು ಮುಚ್ಚಬಹುದು. 2008ರ ಹಿಂಜರಿತದಂಥ ಹೊತ್ತಿನಲ್ಲಿ ಅದು ಮುಚ್ಚುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಅಂಕಿಗಳು. ಅಮೆರಿಕದಲ್ಲಿ 2007ರಲ್ಲಿ ಸುಮಾರು 1.61 ಕೋಟಿ ಹೊಸ ಕಾರು ಮತ್ತು ಲಘು ಟ್ರಕ್‌ಗಳು ಮಾರಾಟವಾಗಿದ್ದವು. 2008ರಲ್ಲಿ ಅದು 1.32 ಕೋಟಿಗೆ ಇಳಿಯಿತು, 2009ರಲ್ಲಿ 1.04 ಕೋಟಿಗೆ. ಎರಡು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವ್ಯಾಪಾರ ಮಾಯ. ಆಗ ಎಲ್ಲರ ಬಾಯಲ್ಲೂ ಇದ್ದ ಮಾತು "ಡೆಟ್ರಾಯಿಟ್ ಕಾರು ಯಾರಿಗೂ ಬೇಡ" ಅನ್ನುವುದು. ಡೆಟ್ರಾಯಿಟ್ ಅಂದರೆ ಜಿಎಂ, ಫೋರ್ಡ್, ಕ್ರೈಸ್ಲರ್ ಎಂಬ ಮೂರು ಅಮೆರಿಕನ್ ಕಂಪನಿಗಳು. ಆದರೆ 2008ರ ಡಿಸೆಂಬರ್ ತಿಂಗಳ ಲೆಕ್ಕ ನೋಡಿ: ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಜಿಎಂ ಮಾರಾಟ 31 ಶೇಕಡ ಕುಸಿದಿತ್ತು, ಟೊಯೋಟದ್ದು 37 ಶೇಕಡ. ಕ್ರೈಸ್ಲರ್ ಮಾತ್ರ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಅಂದರೆ ಆ ತಿಂಗಳು ಜನ ಕಾರನ್ನೇ ಕೊಳ್ಳಲಿಲ್ಲ. ಅಮೆರಿಕದ ಕಾರನ್ನಷ್ಟೇ ಬಿಟ್ಟದ್ದಲ್ಲ. ಟೊಯೋಟದ ಬಳಿ ಗಂಟು ಇತ್ತು, ಡೆಟ್ರಾಯಿಟ್ ಬಳಿ ಇರಲಿಲ್ಲ. ಒಂದೇ ಮಳೆ, ಒಂದು ಮನೆಗೆ ಮಾತ್ರ ಸೂರು ಸೋರುತ್ತಿತ್ತು.

ಕೊಳ್ಳಲಿಲ್ಲ ಅನ್ನುವುದಕ್ಕಿಂತ ಕೊಳ್ಳಲಾಗಲಿಲ್ಲ ಅನ್ನುವುದೂ ಇದೆ. ಜಿಎಂ ಗಿರಾಕಿಗಳಿಗೆ ಸಾಲ ಕೊಡುತ್ತಿದ್ದ ಜಿಮ್ಯಾಕ್ 2008ರ ಅಕ್ಟೋಬರ್‌ನಲ್ಲಿ ಕ್ರೆಡಿಟ್ ಸ್ಕೋರ್ 700 ಇಲ್ಲದವರಿಗೆ ಸಾಲವೇ ಇಲ್ಲ ಎಂದಿತು. ಡಿಸೆಂಬರ್ ಕೊನೆಗೆ ಸರ್ಕಾರದ ಹಣ ಬಂದ ಮೇಲೆ ಆ ಮಿತಿಯನ್ನು 621ಕ್ಕೆ ಇಳಿಸಿತು. ಮಧ್ಯದ ಆ ಎರಡೂವರೆ ತಿಂಗಳು ಶೋರೂಮಿಗೆ ಬಂದು ಕಾರು ಒಪ್ಪಿದವರೂ ಬರಿಗೈಲಿ ವಾಪಸ್ ಹೋಗಿದ್ದಾರೆ. ಹೊರಗಿನಿಂದ ನೋಡುವವರಿಗೆ ಕಂಡದ್ದು ಅಂಗಳದಲ್ಲಿ ಧೂಳು ಹಿಡಿದು ನಿಂತ ಕಾರುಗಳು ಮಾತ್ರ.

ಇನ್ನು ಅಭಿಪ್ರಾಯ ಎಲ್ಲಿಂದ ಹುಟ್ಟುತ್ತದೆ ಅನ್ನುವುದು. ಜಾಹೀರಾತಿನಿಂದ, ಪತ್ರಿಕೆಯ ರಿವ್ಯೂಗಳಿಂದ ಅನ್ನುತ್ತಾರೆ. ಬಹುಪಾಲು ಅದು ಹುಟ್ಟುವುದು ಗ್ಯಾರೇಜಿನ ಬಿಲ್ಲಿನಲ್ಲಿ. ಒಂದು ಉದಾಹರಣೆಯನ್ನು ಬಿಚ್ಚಿ ನೋಡುವುದು ಒಳ್ಳೆಯದು. ತೊಂಬತ್ತರ ದಶಕದ ಮಧ್ಯದಿಂದ ಜಿಎಂ ತನ್ನ 3.1 ಮತ್ತು 3.4 ಲೀಟರ್ ವಿ6 ಇಂಜಿನ್‌ಗಳನ್ನು ಲಕ್ಷಾಂತರ ಕಾರುಗಳಲ್ಲಿ ಹಾಕಿತು. ಇವುಗಳ ಕೆಳಗಿನ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಇಂಜಿನ್ ಒಳಗೆ ಗಾಳಿ ಹಂಚುವ ಭಾಗ) ಇದ್ದ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ಪಟ್ಟಿ, ನೈಲಾನ್ ಚೌಕಟ್ಟಿನದು, ಅದರ ಮೇಲೆ ಸಿಲಿಕೋನ್ ಅಂಚು. ವರ್ಷಗಟ್ಟಲೆ ಬಿಸಿ ತಿಂದು ಆ ಅಂಚು ಬಿಟ್ಟುಕೊಳ್ಳುತ್ತದೆ. ಇಂಜಿನ್ನನ್ನು ತಣ್ಣಗಿಡುವ ದ್ರವ, ಕೂಲಂಟ್, ಹೊರಗೆ ಸೋರಿದರೆ ಪುಣ್ಯ, ನೆಲದ ಮೇಲೆ ಕಾಣುತ್ತದೆ. ಒಳಗೆ ಸೋರಿದರೆ ನೇರ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲುಬಣ್ಣದ ಜಿಡ್ಡು ಕಂಡಾಗ ಅದೇ ಕಾಯಿಲೆ. ಹಾಗೇ ಓಡಿಸಿದರೆ ಬೇರಿಂಗ್ ಕೆಟ್ಟು ಇಂಜಿನ್ನೇ ಹೋಗುತ್ತದೆ. ಕೂಲಂಟ್ ಮಟ್ಟ ಇಳಿದು ಒಳಗೆ ಗಾಳಿ ಸೇರಿದರೆ ಜಿಎಂ ಹಾಕುತ್ತಿದ್ದ ಡೆಕ್ಸ್‌ಕೂಲ್ ಎಂಬ ಆ ಕಿತ್ತಳೆ ಬಣ್ಣದ ಕೂಲಂಟ್ ಕಂದು ಕೆಸರಾಗಿ ರೇಡಿಯೇಟರ್ ಕಟ್ಟಿಕೊಳ್ಳುವುದು ಬೇರೆ. ರಿಪೇರಿಯಲ್ಲೂ ಒಂದು ಸೂಕ್ಷ್ಮ ಇದೆ. ಹೊಸ ಗ್ಯಾಸ್ಕೆಟ್ ಲೋಹದ ಚೌಕಟ್ಟಿನದು ಹಾಕಬೇಕು. ನೆಟ್ಟಗೆ ನಿಂತ ಬೋಲ್ಟ್‌ಗಳನ್ನೆಲ್ಲ ಮೊದಲು ಬಿಗಿದು ಆಮೇಲೆ ಓರೆ ಬೋಲ್ಟ್‌ಗಳಿಗೆ ಕೈ ಹಾಕಬೇಕು. ಓರೆಯವನ್ನು ಮೊದಲು ಬಿಗಿದರೆ ಮ್ಯಾನಿಫೋಲ್ಡ್ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ದಿನಕ್ಕೆ ಮತ್ತೆ ಸೋರಿಕೆ.

ಈ ದೋಷ ಸಾಮಾನ್ಯವಾಗಿ ತಲೆ ಎತ್ತುತ್ತಿದ್ದುದು ಅರವತ್ತು ಸಾವಿರ ಮೈಲಿ ದಾಟಿದ ಮೇಲೆ. ವಾರಂಟಿ ಇದ್ದದ್ದು 3 ವರ್ಷ ಅಥವಾ 36,000 ಮೈಲಿ. ಬಿಲ್ಲು ಕಟ್ಟಿದವನು ಮಾಲೀಕ. ಕಾರು ಕೊಂಡು ಮೂರು ತಿಂಗಳಿಗೆ ದೂರು ಎಣಿಸುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಇದು ಬರುವುದೇ ಇಲ್ಲ. ಆದರೆ ಐದಾರು ವರ್ಷ ಕಳೆದು, ಹೊಸ ಕಾರು ನೋಡಲು ಹೊರಡುವ ಹೊತ್ತಿಗೆ ಸರಿಯಾಗಿ ಈ ಬಿಲ್ಲು ನೆನಪಿನಲ್ಲಿ ಹಸಿಯಾಗಿರುತ್ತದೆ. ಈ ದೋಷದ ಬಗ್ಗೆ ಮಾಲೀಕರು ಹೂಡಿದ್ದ ಪ್ರಕರಣ ಕೋರ್ಟಿನಲ್ಲಿ ರಾಜಿಯಾದದ್ದೂ 2008ರಲ್ಲೇ, ಎಂಥ ಮುಹೂರ್ತ!

ಹಾಗಂತ ಜಪಾನಿ ಕಾರುಗಳಿಗೆ ಕಾಯಿಲೆಯೇ ಇರಲಿಲ್ಲವೆ? ಇತ್ತು. 1997ರಿಂದ 2002ರ ನಡುವಿನ ಟೊಯೋಟದ 3.0 ಲೀಟರ್ ವಿ6 ಮತ್ತು 2.2 ಲೀಟರ್ ಇಂಜಿನ್‌ಗಳಲ್ಲಿ ಆಯಿಲ್ ಗಟ್ಟಿಯಾಗಿ ಮುದ್ದೆ ಕಟ್ಟುತ್ತಿತ್ತು. 1995–2000ರ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕು ಹಿಡಿದು ತೂತು ಬೀಳುತ್ತಿತ್ತು. ಇಂಥ ಅನಾಹುತ ಡೆಟ್ರಾಯಿಟ್ ಟ್ರಕ್ಕಿಗೆ ಆಗಿದ್ದರೆ ವರ್ಷಗಟ್ಟಲೆ ಹಾಸ್ಯಕ್ಕೆ ವಸ್ತುವಾಗುತ್ತಿತ್ತು. ಟೊಯೋಟ ಏನು ಮಾಡಿತು ಅಂದರೆ, ಆಯಿಲ್ ಮುದ್ದೆಗೆ 8 ವರ್ಷದವರೆಗೆ ತಾನೇ ಹೊಣೆ ಎಂದು 2002ರಲ್ಲಿ ಹೇಳಿತು. ತುಕ್ಕು ಹಿಡಿದ ಟಕೋಮಾಗಳನ್ನು 2008ರಲ್ಲಿ ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡಿತು. ಮೊದಮೊದಲು ಆಯಿಲ್ ಬದಲಿಸದ ಮಾಲೀಕರದೇ ತಪ್ಪು ಎಂದು ಅದೂ ವಾದಿಸಿತ್ತು, ಅದು ಬೇರೆ ಮಾತು. ಕೊನೆಗೆ ಬಿಲ್ಲು ಕಂಪನಿಯೇ ಕಟ್ಟಿತು. ಹಾಗಾಗಿ ಟಕೋಮಾ ಮಾಲೀಕನ ನೆನಪಿನಲ್ಲಿ ಉಳಿದದ್ದು ತುಕ್ಕಲ್ಲ, ಚೆಕ್ಕು. ದೋಷ ಎರಡೂ ಕಡೆ ಇತ್ತು. ಒಂದು ಕಡೆ ಅದು "ಯಾವಾಗಲೋ ಒಮ್ಮೆ ಆದದ್ದು", ಇನ್ನೊಂದು ಕಡೆ "ಇವರ ಹಣೆಬರಹವೇ ಇಷ್ಟು". ಜಿಎಂ ಕೊನೆಗೂ 2007ರ ಮಾದರಿಗಳಿಂದ ಇಂಜಿನ್ ಮತ್ತು ಗೇರ್‌ಬಾಕ್ಸ್ ವಾರಂಟಿಯನ್ನು 5 ವರ್ಷ, 1 ಲಕ್ಷ ಮೈಲಿಗೆ ಏರಿಸಿತು. ಸರಿಯಾದ ಹೆಜ್ಜೆಯೇ. ಆದರೆ ಅದರ ಫಲ ಜನರ ನೆನಪಿಗೆ ಸೇರಲು ಇನ್ನೂ ಐದಾರು ವರ್ಷ ಬೇಕಿತ್ತು, ಹಿಂಜರಿತ ಅಷ್ಟು ಕಾಯಲಿಲ್ಲ.

ಬಾಡಿಗೆ ಕಾರುಗಳದ್ದು ಇನ್ನೊಂದು ಪಾಲು. ಡೆಟ್ರಾಯಿಟ್ ಕಂಪನಿಗಳು ಕಾರ್ಖಾನೆ ನಿಲ್ಲಿಸದಿರಲು ಹೆಚ್ಚುವರಿ ಕಾರುಗಳನ್ನು ಬಾಡಿಗೆ ಕಂಪನಿಗಳಿಗೆ ಸುರಿಯುತ್ತಿದ್ದವು: ಅತಿ ಕಡಿಮೆ ಸೌಲಭ್ಯದ ಮಾದರಿ, ಸಣ್ಣ ಇಂಜಿನ್, ಬೂದು ಬಣ್ಣದ ಗಟ್ಟಿ ಪ್ಲಾಸ್ಟಿಕ್. ಟೊಯೋಟ ಕ್ಯಾಮ್ರಿ ಓಡಿಸುವ ಒಬ್ಬ ಗೃಹಸ್ಥ ವಿಮಾನ ನಿಲ್ದಾಣದಲ್ಲಿ ಎರಡು ದಿನಕ್ಕೆ ಕ್ರೈಸ್ಲರ್ ಸೀಬ್ರಿಂಗ್ ತಗೊಂಡರೆ, ಅವನ ಮಟ್ಟಿಗೆ ಅಮೆರಿಕದ ಕಾರಿನ ಪರೀಕ್ಷೆ ಮುಗಿಯಿತು. ಅದೇ ಕಾರುಗಳು ವರ್ಷದೊಳಗೆ ಹರಾಜಿಗೆ ಬಂದು ಬೀಳುತ್ತಿದ್ದವು. ಒಂದೇ ಮಾದರಿಯ ಸಾವಿರಾರು ಗಾಡಿ ಒಮ್ಮೆಗೇ ಹರಾಜಿಗೆ ಬಂದರೆ ಬೆಲೆ ಏನಾಗಬೇಕೋ ಅದೇ ಆಯಿತು.

ಇಲ್ಲಿಂದ ಅಭಿಪ್ರಾಯ ಬರೀ ಅಭಿಪ್ರಾಯವಾಗಿ ಉಳಿಯುವುದಿಲ್ಲ, ದುಡ್ಡಾಗುತ್ತದೆ. ಲೀಸ್ ಲೆಕ್ಕ ಮಾಡಿ ನೋಡಿದರೆ ಗೊತ್ತಾಗುತ್ತದೆ. ಲೀಸ್ ಅಂದರೆ ಕಾರನ್ನು ಕೊಳ್ಳದೆ ತಿಂಗಳ ಕಂತು ಕಟ್ಟಿ ಓಡಿಸಿ, ಅವಧಿ ಮುಗಿದಾಗ ವಾಪಸ್ ಕೊಡುವುದು; ಅಷ್ಟರಲ್ಲಿ ಕಾರಿನ ಬೆಲೆ ಎಷ್ಟು ಇಳಿಯುತ್ತದೋ ಅದನ್ನೇ ಕಂತಾಗಿ ಕಟ್ಟುವುದು. ಎರಡು ಕಾರು, ಎರಡಕ್ಕೂ 24,000 ಡಾಲರ್, ಎರಡೂ 36 ತಿಂಗಳ ಲೀಸ್ ಅಂತಿಟ್ಟುಕೊಳ್ಳಿ. ಮೂರು ವರ್ಷದ ಕೊನೆಗೆ ಮೊದಲನೆಯದಕ್ಕೆ 55 ಶೇಕಡ ಬೆಲೆ ಉಳಿಯುತ್ತದೆ, ಎರಡನೆಯದಕ್ಕೆ 42 ಶೇಕಡ ಎಂದು ಅಂದಾಜು. ಮೊದಲನೆಯದು ಕಳೆದುಕೊಳ್ಳುವುದು 10,800 ಡಾಲರ್, ತಿಂಗಳಿಗೆ 300. ಎರಡನೆಯದು 13,920, ತಿಂಗಳಿಗೆ ಸುಮಾರು 387. ಬಡ್ಡಿ ಪಕ್ಕಕ್ಕಿಟ್ಟರೂ ತಿಂಗಳಿಗೆ 87 ಡಾಲರ್ ವ್ಯತ್ಯಾಸ. ಎರಡು ಕಾರುಗಳೂ ಒಂದೇ ಗುಣಮಟ್ಟದವಾದರೂ ಈ 87 ಡಾಲರ್ ನಿಜ. ಗಿರಾಕಿ "ಅದು ಕೆಟ್ಟ ಕಾರು" ಅಂತ ನಂಬಬೇಕಾಗೇ ಇಲ್ಲ, ಬೇರೆಯವರು ಹಾಗೆ ನಂಬುತ್ತಾರೆ ಅನ್ನುವುದು ಗೊತ್ತಿದ್ದರೆ ಸಾಕು.

ಕಂಪನಿ ಏನು ಮಾಡುತ್ತದೆ? ಉಳಿಕೆ ಬೆಲೆಯನ್ನು ಕಾಗದದ ಮೇಲೆ 50 ಶೇಕಡಕ್ಕೆ ಎತ್ತಿ ಕಂತು ಇಳಿಸುತ್ತದೆ. ಮೂರು ವರ್ಷ ಬಿಟ್ಟು ಕಾರು ವಾಪಸ್ ಬಂದಾಗ ಹರಾಜಿನಲ್ಲಿ 42 ಕೂಡ ಹುಟ್ಟದಿದ್ದರೆ ನಷ್ಟ ಕಂಪನಿಯದು. 2008ರ ಬೇಸಿಗೆಯಲ್ಲಿ ಆದದ್ದು ಇದೇ. ಜುಲೈನಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4.11 ಡಾಲರ್ ಮುಟ್ಟಿತು. ಲೀಸ್ ಮುಗಿಸಿ ಬಂದ ದೊಡ್ಡ ಎಸ್‌ಯುವಿ, ಪಿಕಪ್‌ಗಳನ್ನು ಕೇಳುವವರಿಲ್ಲ. ಫೋರ್ಡ್ ಆ ಒಂದು ತ್ರೈಮಾಸಿಕದಲ್ಲಿ ಲೀಸ್ ಗಾಡಿಗಳ ಮೌಲ್ಯ ಇಳಿಕೆಗೆಂದೇ 2.1 ಬಿಲಿಯನ್ ಡಾಲರ್ ಕಳೆದು ಬರೆಯಿತು. ಕ್ರೈಸ್ಲರ್‌ನ ಸಾಲ ಕಂಪನಿ ಆಗಸ್ಟ್ 1ರಿಂದ ಲೀಸ್ ಕೊಡುವುದನ್ನೇ ನಿಲ್ಲಿಸಿತು. ನಗದು ರಿಯಾಯಿತಿಯದ್ದೂ ಇದೇ ಕಥೆ. ಹೊಸ ಕಾರಿನ ಮೇಲೆ 3,000 ಡಾಲರ್ ಬಿಟ್ಟರೆ, ಹೋದ ತಿಂಗಳು ಅದೇ ಕಾರು ಕೊಂಡವನ ಗಾಡಿಯ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಇಳಿದ ಹಾಗೆ. ಅವನ ಸಾಲ ಮಾತ್ರ ಇಳಿಯುವುದಿಲ್ಲ. ಕಾರಿನ ಬೆಲೆಗಿಂತ ಸಾಲವೇ ಹೆಚ್ಚಾಗಿರುವ ಗಿರಾಕಿ ಎಕ್ಸ್‌ಚೇಂಜ್ ಮಾಡಲಾರ, ಬೈದುಕೊಂಡು ಅದನ್ನೇ ಓಡಿಸುತ್ತಾನೆ. ರಿಯಾಯಿತಿ ಕೊಟ್ಟು ಕೊಟ್ಟು ಕಂಪನಿಗಳು ತಮ್ಮ ಹಳೆಯ ಗಿರಾಕಿಗಳನ್ನೇ ಸಿಕ್ಕಿಹಾಕಿಸಿದವು.

ಇಷ್ಟರ ಮೇಲೆ ವಾಷಿಂಗ್ಟನ್ ನಾಟಕ. 2008ರ ನವೆಂಬರ್‌ನಲ್ಲಿ ಜಿಎಂನ ರಿಕ್ ವ್ಯಾಗನರ್, ಫೋರ್ಡ್‌ನ ಅಲನ್ ಮುಲಾಲಿ, ಕ್ರೈಸ್ಲರ್‌ನ ರಾಬರ್ಟ್ ನಾರ್ಡೆಲಿ ಮೂವರೂ ಪ್ರತ್ಯೇಕ ಖಾಸಗಿ ವಿಮಾನಗಳಲ್ಲಿ ಬಂದು 25 ಬಿಲಿಯನ್ ಡಾಲರ್ ಕೇಳಿದರು. ಬೈಸಿಕೊಂಡು ಹೋದವರು ಡಿಸೆಂಬರ್‌ನಲ್ಲಿ ಹೈಬ್ರಿಡ್ ಕಾರುಗಳಲ್ಲಿ ರಸ್ತೆ ಮೂಲಕ ಬಂದರು, ಈ ಸಲ ಕೇಳಿದ್ದು 34 ಬಿಲಿಯನ್. ಸೆನೆಟ್‌ನಲ್ಲಿ ಡಿಸೆಂಬರ್ 11ರಂದು ಮಸೂದೆ ಬಿತ್ತು. ಎಂಟು ದಿನಕ್ಕೆ ಅಧ್ಯಕ್ಷ ಬುಷ್ ಬ್ಯಾಂಕುಗಳಿಗೆಂದು ಇಟ್ಟ ನಿಧಿಯಿಂದ ಜಿಎಂಗೆ 13.4, ಕ್ರೈಸ್ಲರ್‌ಗೆ 4 ಬಿಲಿಯನ್ ಘೋಷಿಸಿದರು. ಫೋರ್ಡ್ ತೆಗೆದುಕೊಳ್ಳಲಿಲ್ಲ. ಅದರ ಜಾಣತನ ಅನ್ನುವುದಕ್ಕಿಂತ ಸಮಯ ಚೆನ್ನಾಗಿತ್ತು ಅನ್ನಬೇಕು: 2006ರ ಕೊನೆಗೆ, ಸಾಲ ಸುಲಭವಾಗಿ ಸಿಗುವಾಗಲೇ, ಕಾರ್ಖಾನೆಗಳ ಜೊತೆ ತನ್ನ ನೀಲಿ ಅಂಡಾಕಾರದ ಲಾಂಛನವನ್ನೂ ಅಡ ಇಟ್ಟು 23 ಬಿಲಿಯನ್‌ಗೂ ಹೆಚ್ಚು ಎತ್ತಿಟ್ಟುಕೊಂಡಿತ್ತು.

ಇದೇ ಚರ್ಚೆಯಲ್ಲಿ ಗಂಟೆಗೆ 70 ಡಾಲರ್ ಸಂಬಳ ಅನ್ನುವ ಮಾತು ಊರೆಲ್ಲ ಹರಡಿತು. ಲೈನಿನಲ್ಲಿ ನಿಂತು ಬಾಗಿಲು ಜೋಡಿಸುವವನ ಗಂಟೆ ಕೂಲಿ ಸುಮಾರು 28 ಡಾಲರ್. ಎಪ್ಪತ್ತು ಬಂದದ್ದು ಹೇಗೆಂದರೆ, ನಿವೃತ್ತರಾದ ಲಕ್ಷಾಂತರ ಮಂದಿಯ ಪಿಂಚಣಿ, ಆಸ್ಪತ್ರೆ ಖರ್ಚನ್ನೂ ಸೇರಿಸಿ, ಈಗ ಕೆಲಸ ಮಾಡುತ್ತಿರುವವರ ಗಂಟೆಗಳಿಂದ ಭಾಗಿಸಿದ್ದು. ಕಂಪನಿಗೆ ಅದು ನಿಜವಾದ ಖರ್ಚೇ, ಅದರಲ್ಲಿ ಅನುಮಾನ ಬೇಡ. ಆದರೆ ಕೆಲಸ ಕಳೆದುಕೊಂಡು ಕೂತವನಿಗೆ ಅದು ಕೇಳಿಸಿದ್ದು "ನನ್ನ ತೆರಿಗೆಯಿಂದ ಇವರಿಗೆ 70 ಡಾಲರ್" ಅಂತ. ಕಾರ್ಮಿಕ ಸಂಘದ ಜೊತೆಗಿನ 2007ರ ಒಪ್ಪಂದದಲ್ಲೇ ಹೊಸದಾಗಿ ಸೇರುವವರ ಕೂಲಿಯನ್ನು ಸುಮಾರು 14 ಡಾಲರ್‌ಗೆ ಇಳಿಸಿದ್ದು ಯಾರ ಕಿವಿಗೂ ಬೀಳಲಿಲ್ಲ.

ಕೋಪದ ದಿಕ್ಕು ಬದಲಾದದ್ದನ್ನೂ ಗಮನಿಸಬೇಕು. ಎಂಬತ್ತರ ದಶಕದ ಆರಂಭದ ಹಿಂಜರಿತದಲ್ಲಿ ಬೈಗುಳವೆಲ್ಲ ಜಪಾನಿನ ಮೇಲೆ. ಅದು ಬೈಗುಳಕ್ಕೇ ನಿಲ್ಲಲಿಲ್ಲ. 1982ರ ಜೂನ್‌ನಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ಯುವಕನನ್ನು ಜಪಾನಿಯೆಂದು ಬಗೆದು ಹೊಡೆದು ಕೊಂದರು, ಹೊಡೆದವರಲ್ಲಿ ಒಬ್ಬ ಕ್ರೈಸ್ಲರ್‌ನ ಮೇಲ್ವಿಚಾರಕ. 2008ರ ಹೊತ್ತಿಗೆ ಬೈಗುಳ ತಿರುಗಿ ಡೆಟ್ರಾಯಿಟ್ ಮೇಲೇ ಬಿತ್ತು. ಕಾರಣ ಸರಳ: ಅಷ್ಟರಲ್ಲಿ ಹೋಂಡಾ ಒಹಾಯೋದ ಮೇರಿಸ್‌ವಿಲ್‌ನಲ್ಲಿ 1982ರಿಂದ, ಟೊಯೋಟ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ 1988ರಿಂದ ಕಾರು ಮಾಡುತ್ತಾ ಅಲ್ಲಿಯ ಜನಕ್ಕೆ ಅನ್ನ ಕೊಡುತ್ತಿದ್ದವು. ಸೆನೆಟ್‌ನಲ್ಲಿ ಸಾಲಕ್ಕೆ ಅಡ್ಡ ನಿಂತವರಲ್ಲಿ ಮುಂಚೂಣಿಯಲ್ಲಿದ್ದ ರಿಚರ್ಡ್ ಶೆಲ್ಬಿ ಅಲಬಾಮದವರು, ಬಾಬ್ ಕಾರ್ಕರ್ ಟೆನೆಸ್ಸಿಯವರು. ಅಲಬಾಮದಲ್ಲಿ ಮರ್ಸಿಡಿಸ್, ಹೋಂಡಾ, ಹ್ಯೂಂಡೈ ಕಾರ್ಖಾನೆಗಳಿವೆ, ಟೆನೆಸ್ಸಿಯಲ್ಲಿ ನಿಸಾನ್.

ಹಾಗಾದರೆ ಅಮೆರಿಕದಲ್ಲಿ ತಯಾರಾದ ಕಾರು ಯಾವುದು? ಇದಕ್ಕೆ ಬ್ಯಾಡ್ಜ್ ನೋಡಿ ಪ್ರಯೋಜನವಿಲ್ಲ, ಎರಡು ಕಡೆ ಓದಬೇಕು. ಒಂದು ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ. ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ ಗಾಜಿನ ಮೂಲಕ ಕಾಣುವ 17 ಅಕ್ಷರ–ಅಂಕಿಗಳ ಸಾಲು. ಮೊದಲನೆಯದು 1, 4 ಅಥವಾ 5 ಆಗಿದ್ದರೆ ಅಮೆರಿಕದಲ್ಲಿ ಜೋಡಿಸಿದ್ದು, 2 ಅಂದರೆ ಕೆನಡಾ, 3 ಅಂದರೆ ಮೆಕ್ಸಿಕೋ, ಜೆ ಅಂದರೆ ಜಪಾನ್, ಕೆ ಅಂದರೆ ಕೊರಿಯಾ. ಹತ್ತನೆಯದು ಮಾದರಿ ವರ್ಷ, ಹನ್ನೊಂದನೆಯದು ಕಾರ್ಖಾನೆ. ಹೀಗೆ ನೋಡಿದರೆ 2009ರ ಫೋರ್ಡ್ ಫ್ಯೂಶನ್ 3ರಿಂದ ಶುರುವಾಗುತ್ತದೆ, ಅದು ಮೆಕ್ಸಿಕೋದ ಹೆರ್ಮೊಸಿಯೋದ್ದು. ಶೆವರ್ಲೆ ಇಂಪಾಲಾ 2ರಿಂದ, ಕೆನಡಾದ ಆಶಾವಾದ್ದು. ಶೆವರ್ಲೆ ಅವಿಯೋ ಕೆ. ಕೆಂಟಕಿಯ ಕ್ಯಾಮ್ರಿ ಮಾತ್ರ ಠೀವಿಯಿಂದ 4ರಿಂದ ಶುರು.

ಎರಡನೆಯದು ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಬಿಡಿಭಾಗಗಳ ಮೂಲದ ಚೀಟಿ. 1992ರ ಕಾನೂನಿನ ಪ್ರಕಾರ 1994ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಅದರಲ್ಲಿ ಅಮೆರಿಕ–ಕೆನಡಾ ಬಿಡಿಭಾಗಗಳ ಶೇಕಡಾವಾರು, 15 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಭಾಗ ಕೊಟ್ಟ ಬೇರೆ ದೇಶಗಳಲ್ಲಿ ಗರಿಷ್ಠ ಎರಡರ ಹೆಸರು, ಜೋಡಣೆಯಾದ ಊರು, ಇಂಜಿನ್ ಎಲ್ಲಿಯದು, ಗೇರ್‌ಬಾಕ್ಸ್ ಎಲ್ಲಿಯದು ಎಂದಿರುತ್ತದೆ. ಓದುವಾಗ ಎಚ್ಚರ ಬೇಕಾದದ್ದು ಶೇಕಡಾವಾರಿನಲ್ಲಿ. ಕೆನಡಾದ ಭಾಗಗಳೂ ಅದರಲ್ಲಿ ಕೂಡಿಕೊಂಡಿವೆ, ಬೇರ್ಪಡಿಸಲು ಬರುವುದಿಲ್ಲ. ಆ ಅಂಕಿ ನಿಮ್ಮ ಕಣ್ಣೆದುರಿಗಿರುವ ಕಾರಿನದಲ್ಲ, ಆ ಹೆಸರಿನ ಎಲ್ಲ ಕಾರುಗಳ ಸರಾಸರಿ. ಹೊರಗಿನ ಸರಬರಾಜುದಾರನ ಭಾಗದಲ್ಲಿ 70 ಶೇಕಡ ಅಮೆರಿಕ–ಕೆನಡಾದ್ದಿದ್ದರೆ ಅದನ್ನು ಪೂರ್ತಿ 100 ಎಂದೇ ಎಣಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಜೋಡಿಸಿದ ಕೂಲಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಯಾರ ಕೆಲಸ ಉಳಿಯಲಿ ಅಂತ ಜನ ಈ ಚೀಟಿ ಓದುತ್ತಾರೋ ಅವರ ಬೆವರನ್ನೇ ಬಿಟ್ಟು ಮಾಡಿದ ಲೆಕ್ಕ! ಆದ್ದರಿಂದ ಶೇಕಡಾವಾರಿಗಿಂತ ಜೋಡಣೆಯ ಊರು, ಇಂಜಿನ್, ಗೇರ್‌ಬಾಕ್ಸ್ ಸಾಲುಗಳೇ ಹೆಚ್ಚು ನಂಬಿಕೆಗೆ ಅರ್ಹ. ಕಾರ್ಸ್ ಡಾಟ್ ಕಾಮ್ ಪ್ರತಿವರ್ಷ ಮಾಡುವ ಅಮೆರಿಕ–ತಯಾರಿ ಪಟ್ಟಿಯಲ್ಲಿ 2009ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಟೊಯೋಟ ಕ್ಯಾಮ್ರಿ. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ಫೋರ್ಡ್ ಎಫ್–150.

2009ರ ವಸಂತಕ್ಕೆ ಪ್ರಶ್ನೆ ಗುಣಮಟ್ಟದ್ದಾಗಿ ಉಳಿದಿರಲಿಲ್ಲ. ಕಂಪನಿ ಮುಚ್ಚಿದರೆ ವಾರಂಟಿಗೆ ಯಾರು, ಬಿಡಿಭಾಗಕ್ಕೆ ಎಲ್ಲಿಗೆ ಹೋಗಬೇಕು? ದಿವಾಳಿಯಾದ ವಿಮಾನ ಕಂಪನಿಯ ಟಿಕೆಟ್ ಕೊಂಡರೆ ಎರಡು ಗಂಟೆಯ ನಂಬಿಕೆ ಸಾಕು, ಕಾರಿಗೆ ಹತ್ತು ವರ್ಷದ ನಂಬಿಕೆ ಬೇಕು. ಮಾರ್ಚ್ 30ರಂದು ಅಧ್ಯಕ್ಷ ಒಬಾಮ ಜಿಎಂ, ಕ್ರೈಸ್ಲರ್ ಹೊಸ ಕಾರುಗಳ ವಾರಂಟಿಗೆ ಸರ್ಕಾರವೇ ಬೆನ್ನಿಗಿದೆ ಎಂದರು. ವ್ಯವಸ್ಥೆ ಹೀಗಿತ್ತು: ಪುನಾರಚನೆಯ ಅವಧಿಯಲ್ಲಿ ಮಾರಾಟವಾಗುವ ಕಾರುಗಳಿಗೆ ಬರಬಹುದಾದ ವಾರಂಟಿ ಖರ್ಚಿನ 125 ಶೇಕಡ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡುವುದು. ಸುಮಾರು 640 ಮಿಲಿಯನ್ ಡಾಲರ್ ಹೊರಗೆ ಬಂತು, ಜುಲೈನಲ್ಲಿ ಹಾಗೇ ವಾಪಸ್ ಹೋಯಿತು. ಒಟ್ಟು ನೆರವಿನ ಮುಂದೆ ಇದು ಚಿಲ್ಲರೆ. ಆದರೆ ಶೋರೂಮಿನಲ್ಲಿ ಗಿರಾಕಿ ಕೇಳುತ್ತಿದ್ದ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಇದೊಂದೇ, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಅತಿ ಅಗ್ಗದ ಜಾಣತನ. ಕೆಲಸ ಹೋದರೆ ಏನು ಗತಿ ಅನ್ನುವ ಭಯವನ್ನು ಮೊದಲು ಮುಟ್ಟಿದ್ದು ಹ್ಯೂಂಡೈ. ಆ ಜನವರಿಯಲ್ಲೇ ಅದು, ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಿ ಎಂದಿತು. ಜಿಎಂ, ಫೋರ್ಡ್ ಕಂತು ಕಟ್ಟಿಕೊಡುವ ಯೋಜನೆ ತಂದಾಗ ಮಾರ್ಚ್ ಮುಗಿಯುತ್ತಿತ್ತು.

ಕ್ರೈಸ್ಲರ್ ಏಪ್ರಿಲ್ 30ಕ್ಕೆ, ಜಿಎಂ ಜೂನ್ 1ಕ್ಕೆ ದಿವಾಳಿ ಅರ್ಜಿ ಹಾಕಿದವು. ಎರಡೂ ಸುಮಾರು ನಲವತ್ತು ದಿನಗಳಲ್ಲಿ ಹೊರಬಂದವು. ಜಿಎಂನ ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಬ್ರ್ಯಾಂಡ್‌ಗಳು ಸತ್ತವು. ಇಂಥ ಹೊತ್ತಿನಲ್ಲಿ ಸತ್ತ ಬ್ರ್ಯಾಂಡಿನ ಕಾರು ಕೊಳ್ಳಬಹುದೇ ಅನ್ನುವುದಕ್ಕೆ ಉತ್ತರ, ಅದರ ಅಡಿಗಟ್ಟು ಯಾವುದು ಅನ್ನುವುದರಲ್ಲಿದೆ. ಪಾಂಟಿಯಾಕ್ ಜಿ6 ಒಳಗೆ ಶೆವರ್ಲೆ ಮಲಿಬು, ಜಿ5 ಅಂದರೆ ಕೋಬಾಲ್ಟ್, ಟೊರೆಂಟ್ ಅಂದರೆ ಈಕ್ವಿನಾಕ್ಸ್. ಬ್ರೇಕ್, ಸಸ್ಪೆನ್ಶನ್, ಇಂಜಿನ್ ಭಾಗಗಳಿಗೆ ಬರ ಬರುವುದಿಲ್ಲ. ಕಷ್ಟ ಆಗುವುದು ಆ ಬ್ರ್ಯಾಂಡಿಗಷ್ಟೇ ಸೀಮಿತವಾದ ಹೆಡ್‌ಲೈಟ್, ಬಂಪರ್, ಫೆಂಡರ್‌ಗಳಿಗೆ. ಸಣ್ಣ ಅಪಘಾತವಾದರೂ ಗುಜರಿ ಹುಡುಕಬೇಕು. ಬೆಲ್ಜಿಯಂನಿಂದ ತರಿಸಿ ಮಾರಿದ ಸ್ಯಾಟರ್ನ್ ಆಸ್ಟ್ರಾದಂಥವುಗಳಿಂದ ದೂರ ಇರುವುದೇ ವಾಸಿ.

ಹಳೇ ಗಾಡಿ ಕೊಟ್ಟು ಹೊಸದು ಕೊಂಡವರಿಗೆ ಸರ್ಕಾರ ಹಣ ಕೊಟ್ಟ ಆ ಬೇಸಿಗೆಯ ವಿನಿಮಯ ಯೋಜನೆ ಈ ಎಲ್ಲ ಅಭಿಪ್ರಾಯಗಳನ್ನೂ ಒಂದೇ ಪಟ್ಟಿಯಲ್ಲಿ ಅಚ್ಚು ಹಾಕಿತು. ನಿಯಮ: ಹಳೇ ಗಾಡಿ 25 ವರ್ಷದೊಳಗಿನದಾಗಿರಬೇಕು, ಒಂದು ವರ್ಷದಿಂದ ನೋಂದಣಿ, ವಿಮೆ ಇರಬೇಕು, ಗ್ಯಾಲನ್‌ಗೆ 18 ಮೈಲಿ ಅಥವಾ ಅದಕ್ಕಿಂತ ಕಡಿಮೆ ಕೊಡಬೇಕು. ಹೊಸದು 45,000 ಡಾಲರ್ ಮೀರಬಾರದು. ಮೈಲೇಜ್ ಎಷ್ಟು ಏರಿತು ಅನ್ನುವುದರ ಮೇಲೆ 3,500 ಅಥವಾ 4,500 ಡಾಲರ್. ಡೀಲರ್ ಆ ಹಳೇ ಇಂಜಿನ್ನನ್ನು ಕೊಲ್ಲಬೇಕಿತ್ತು, ಅದಕ್ಕೂ ವಿಧಿ ಇತ್ತು. ಆಯಿಲ್ ಪೂರ್ತಿ ಇಳಿಸಿ, ಆ ಜಾಗಕ್ಕೆ 40 ಶೇಕಡದ ಸೋಡಿಯಂ ಸಿಲಿಕೇಟ್ ದ್ರಾವಣ ಎರಡು ಕ್ವಾರ್ಟ್, ಅಂದರೆ ಸುಮಾರು 1.9 ಲೀಟರ್ ಸುರಿದು, ಇಂಜಿನ್ನನ್ನು 2,000 ಆರ್‌ಪಿಎಂ ಸುಮಾರಿಗೆ ಓಡಿಸುವುದು. ಬಿಸಿಗೆ ನೀರು ಆರಿ ದ್ರಾವಣ ಗಾಜಿನಂತೆ ಗಟ್ಟಿಯಾಗಿ ಬೇರಿಂಗ್‌ಗಳಿಗೆ ಕಚ್ಚಿಕೊಳ್ಳುತ್ತದೆ. ಕೆಲವೇ ನಿಮಿಷಕ್ಕೆ ಇಂಜಿನ್ ಕಚ್ಚಿ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು, ಉಸಿರೆತ್ತಿದರೆ ಇನ್ನೊಮ್ಮೆ. ಹೀಗೆ ಸುಮಾರು 6.77 ಲಕ್ಷ ಗಾಡಿಗಳು ಹೋದವು. ಹೆಚ್ಚು ಒಪ್ಪಿಸಿದ ಹತ್ತು ಮಾದರಿಗಳಲ್ಲಿ ಎಲ್ಲವೂ ಡೆಟ್ರಾಯಿಟ್‌ದೇ, ಮುಂದೆ ನಿಂತದ್ದು ಫೋರ್ಡ್ ಎಕ್ಸ್‌ಪ್ಲೋರರ್. ಹೆಚ್ಚು ಕೊಂಡದ್ದು ಕೊರೋಲಾ, ಹೋಂಡಾ ಸಿವಿಕ್, ಕ್ಯಾಮ್ರಿ; ನಡುವೆ ಫೋರ್ಡ್ ಫೋಕಸ್ ನುಸುಳಿತ್ತು. ಇದನ್ನು ಗುಣಮಟ್ಟದ ತೀರ್ಪು ಅಂತ ಓದಿದವರು ಬಹಳ. 18 ಮೈಲಿಯ ನಿಯಮವೇ ದೊಡ್ಡ ಎಸ್‌ಯುವಿಗಳನ್ನು ಆರಿಸಿಕೊಂಡಿತ್ತು ಅನ್ನುವುದನ್ನು ಮರೆತರು. ದೊಡ್ಡ ಎಸ್‌ಯುವಿ ಹೆಚ್ಚು ಮಾಡಿದವರು ಡೆಟ್ರಾಯಿಟಿನವರು, ಅಷ್ಟೇ.

ಅದೇ ವರ್ಷ ಮಾರ್ಚ್‌ನಲ್ಲಿ ಬಂದ ಜೆ.ಡಿ. ಪವರ್‌ನ ಮೂರು ವರ್ಷ ಹಳೆಯ ಕಾರುಗಳ ಸಮೀಕ್ಷೆಯಲ್ಲಿ ಟೊಯೋಟದ ಲೆಕ್ಸಸ್‌ನ ದೀರ್ಘಕಾಲದ ಮೊದಲ ಸ್ಥಾನ ಕಿತ್ತುಕೊಂಡದ್ದು ಜಿಎಂನ ಬ್ಯೂಕ್, ಜಾಗ್ವಾರ್ ಜೊತೆ ಸಮವಾಗಿ. ಮರುವರ್ಷದ ಮೂರು ತಿಂಗಳ ಸಮೀಕ್ಷೆಯಲ್ಲಿ ನೂರು ಕಾರಿಗೆ ದೇಶಿ ಬ್ರ್ಯಾಂಡ್‌ಗಳ ದೂರು 108, ಹೊರದೇಶದವುಗಳದ್ದು 109. ಒಂದು ದೂರಿನ ಅಂತರ ಏನೂ ಅಲ್ಲ, ಆದರೆ ದೇಶಿ ಬ್ರ್ಯಾಂಡ್‌ಗಳು ಒಟ್ಟಾರೆ ಮುಂದೆ ಬಂದದ್ದು ಅದೇ ಮೊದಲು. ಬ್ಯೂಕ್ ಸುದ್ದಿ ಬಂದ ತಿಂಗಳಲ್ಲೇ ವ್ಯಾಗನರ್ ಅವರನ್ನು ಜಿಎಂನಿಂದ ಇಳಿಸಿದರು, ಯಾವ ಸುದ್ದಿ ಜನರ ಕಿವಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ.

ನುಮ್ಮಿಯಲ್ಲಿ ಪ್ರಿಜ್ಮ್ ನಿಂತ ಮೇಲೆ ಆ ಜಾಗಕ್ಕೆ ಬಂದದ್ದು ಪಾಂಟಿಯಾಕ್ ವೈಬ್. ಅದರ ಅವಳಿ ಟೊಯೋಟ ಮ್ಯಾಟ್ರಿಕ್ಸ್ ತಯಾರಾಗುತ್ತಿದ್ದದ್ದು ಕೆನಡಾದಲ್ಲಿ. ಅಂದರೆ ಅಮೆರಿಕದ ಬ್ಯಾಡ್ಜ್ ಇದ್ದದ್ದು ಅಮೆರಿಕದಲ್ಲೇ ಜೋಡಿಸಿದ ಟೊಯೋಟ. 2010ರ ಜನವರಿಯಲ್ಲಿ ಟೊಯೋಟ ಅಂಟಿಕೊಳ್ಳುವ ಆಕ್ಸಿಲರೇಟರ್ ಪೆಡಲ್‌ಗಾಗಿ ಸುಮಾರು 23 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು, ಕೆಲವು ಮಾದರಿಗಳ ಮಾರಾಟವನ್ನೇ ನಿಲ್ಲಿಸಿತು. ಪೆಡಲ್ ಮಾಡಿಕೊಟ್ಟದ್ದು ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ಆಗ ಕೇಂದ್ರ ಕಚೇರಿ ಇದ್ದ ಸಿಟಿಎಸ್ ಕಂಪನಿ. ಪೆಡಲ್ ಕಾಲಿಗೆ ತೀರಾ ಸಡಿಲ ಅನ್ನಿಸದಿರಲೆಂದು ಒಳಗೆ ಒಂದು ಘರ್ಷಣೆಯ ಬಿಲ್ಲೆ ಇಟ್ಟಿದ್ದರು. ಅದು ಸವೆದು, ತೇವ ಹಿಡಿದು ಕಚ್ಚಿಕೊಳ್ಳುತ್ತಿತ್ತು. ಪರಿಹಾರವಾಗಿ ಅಳತೆಗೆ ಕತ್ತರಿಸಿದ ಸಣ್ಣದೊಂದು ಉಕ್ಕಿನ ತುಂಡನ್ನು ಸಂದಿಗೆ ಸೇರಿಸಿ ಘರ್ಷಣೆ ಕಡಿಮೆ ಮಾಡಿದರು. ಅದೇ ಪೆಡಲ್ ಇದ್ದ 2009–10ರ ವೈಬ್‌ಗಳನ್ನೂ ಕರೆಯಬೇಕಾಯಿತು. ಅಷ್ಟು ಹೊತ್ತಿಗೆ ಪಾಂಟಿಯಾಕ್ ಕೊನೆಯ ಕಾರನ್ನೂ ಮಾಡಿ ಮುಗಿಸಿತ್ತು. ನುಮ್ಮಿ ಬಾಗಿಲು ಹಾಕಲು ಇನ್ನೆರಡು ತಿಂಗಳಿತ್ತು, 2010ರ ಏಪ್ರಿಲ್ 1ರಂದು ಅಲ್ಲಿಂದ ಹೊರಬಂದ ಕೊನೆಯ ಗಾಡಿ ಒಂದು ಕೊರೋಲಾ.